ಅಳಿಸಿದ ಅಕ್ಷರ ಎಲ್ಲಿಗೆ ಹೋಗುತ್ತದೆ?

ಸ್ಲೇಟಿನ ಮೇಲೆ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು, ಅದು ಹೋದಂತೆಯೇ. ಪೆನ್ಸಿಲಿನಲ್ಲಿ ಬರೆದದ್ದನ್ನು ರಬ್ಬರಿನಿಂದ ಉಜ್ಜಿದರೂ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಒತ್ತಿದ ಗುರುತು ಕಾಣುತ್ತದೆ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕಬಹುದೇ ಹೊರತು ಇಲ್ಲವಾಗಿಸುವುದು ಕಷ್ಟ. ಇನ್ನು ಓಲೆಗರಿಯಲ್ಲಿ ಕಂಟದಿಂದ ಕೊರೆದದ್ದು, ಕಲ್ಲಿನಲ್ಲಿ ಉಳಿಯಿಂದ ಕಡೆದದ್ದು ಇವುಗಳ ಮಾತೇ ಬೇರೆ. ಅಲ್ಲಿ ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಮಾತು ಸೇರಿಸಬೇಕಷ್ಟೆ.

ಹಾಗಾದರೆ ಕಂಪ್ಯೂಟರಿನಲ್ಲಿ ಬರೆದದ್ದು ಇವುಗಳಲ್ಲಿ ಯಾವ ಜಾತಿಗೆ ಸೇರಿದ್ದು? ಯಾರನ್ನು ಕೇಳಿದರೂ ಸ್ಲೇಟಿನ ಜಾತಿ ಎಂದೇ ಹೇಳುತ್ತಾರೆ. ಬ್ಯಾಕ್‌ಸ್ಪೇಸ್ ಕೀಲಿ ಒತ್ತಿದೊಡನೆ ಅಕ್ಷರ ಮಾಯವಾಗುತ್ತದೆ, ಗೀರಿಲ್ಲ, ಗುರುತಿಲ್ಲ. ಆದರೆ ಕಣ್ಣಿಗೆ ಕಾಣುವುದು ಬೇರೆ, ಒಳಗೆ ನಡೆಯುವುದು ಬೇರೆ. ನಾವು ದಿನವೂ ಬಳಸುವ ಎಷ್ಟೋ ಬರವಣಿಗೆಯ ತಂತ್ರಾಂಶಗಳು ಒಳಗೊಳಗೆ ಸ್ಲೇಟಿಗಿಂತ ಓಲೆಗರಿಗೇ ಹತ್ತಿರ. ಬರೆದದ್ದನ್ನು ಅವು ಅಳಿಸುವುದೇ ಇಲ್ಲ, ತೋರಿಸದೆ ಇರುತ್ತವೆ, ಅಷ್ಟೆ. ಇದು ಹೇಗೆ, ಇದರಿಂದ ಏನು ಲಾಭ, ಏನು ಅಪಾಯ ಎಂಬುದನ್ನು ಈ ವಾರ ನೋಡೋಣ.

ಅಕ್ಷರವೆಂದರೆ ಅಂಕಿ

ಮೊದಲು ಅಕ್ಷರ ಒಳಗೆ ಹೇಗಿರುತ್ತದೆ ಎಂಬುದನ್ನು ತಿಳಿಯಬೇಕು. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಲಾಗಿದೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65. ಜಗತ್ತಿನ ಎಲ್ಲ ಲಿಪಿಗಳಿಗೂ ಹೀಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಓಣಿಯನ್ನು ಬಿಟ್ಟುಕೊಡಲಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. 'ಕನ್ನಡ' ಎಂಬ ಪದದಲ್ಲಿ ನಮ್ಮ ಲೆಕ್ಕದಲ್ಲಿ ಮೂರು ಅಕ್ಷರ. ಯಂತ್ರದ ಲೆಕ್ಕದಲ್ಲಿ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಶೇಖರಣಾ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಜಾಗ ಬೇಕು. ಅಲ್ಲಿಗೆ 'ಕನ್ನಡ' ಎಂದರೆ 15 ಬೈಟ್. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂದು ಆರು ಸಂಕೇತ, 18 ಬೈಟ್. 'ಸ್ತ್ರೀ' ಎಂದು ಬರೆದು ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಬಹುತೇಕ ತಂತ್ರಾಂಶಗಳಲ್ಲಿ ಇಡೀ ಅಕ್ಷರ ಹೋಗುವುದಿಲ್ಲ, ದೀರ್ಘ ಮಾತ್ರ ಹೋಗಿ 'ಸ್ತ್ರ' ಉಳಿಯುತ್ತದೆ.

'ಸೂರ್ಯ' ಪದದಲ್ಲಿ ಅರ್ಕಾವೊತ್ತು ಕಾಗದದ ಮೇಲೆ ಕೊನೆಯಲ್ಲಿ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಮಾತ್ರ ಉಚ್ಚಾರಣೆಯ ಕ್ರಮದಲ್ಲಿಯೇ, ರಕಾರ ಮೊದಲು ಯಕಾರ ಆಮೇಲೆ ಎಂದು ಇರುತ್ತದೆ. ಹಿಂದಿನ ಫಾಂಟ್ ಆಧಾರಿತ ಕನ್ನಡ ತಂತ್ರಾಂಶಗಳಲ್ಲಿ ಹೀಗಿರಲಿಲ್ಲ. ಅಲ್ಲಿ ಅಚ್ಚುಮೊಳೆ ಜೋಡಿಸಿದ ಹಾಗೆ ಅಕ್ಷರದ ತುಂಡುಗಳ ಆಕಾರವನ್ನೇ ಸಾಲಾಗಿ ಇಡುತ್ತಿದ್ದರು. ಆ ಕಾಲದ ಕಡತಗಳಲ್ಲಿ ಒಂದು ಪದವನ್ನು ಹುಡುಕುವುದು, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು ಅಷ್ಟು ಕಷ್ಟವಾದದ್ದು ಇದರಿಂದಲೇ.

ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗ

ಇರಲಿ, ಈಗ ಈ ಸಂಕೇತಗಳ ಸಾಲನ್ನು ಸ್ಮೃತಿಯಲ್ಲಿ ಇಡಬೇಕು. ಅತ್ಯಂತ ಸರಳ ದಾರಿ ಯಾವುದು? ಒಂದರ ಪಕ್ಕ ಒಂದು, ಸಾಲಾಗಿ.

ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿರುವುದನ್ನು ಕಲ್ಪಿಸಿಕೊಳ್ಳಿ. ನೂರು ಮಕ್ಕಳ ಸಾಲು, ನಡುವೆ ಜಾಗವಿಲ್ಲ. ತಡವಾಗಿ ಬಂದ ಒಬ್ಬ ಹುಡುಗನ ಎತ್ತರಕ್ಕೆ ಸರಿಯಾದ ಜಾಗ ಮೂರನೆಯದು. ಅವನನ್ನು ಅಲ್ಲಿ ನಿಲ್ಲಿಸಬೇಕಾದರೆ ಹಿಂದಿನ ತೊಂಬತ್ತೆಂಟು ಮಕ್ಕಳೂ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು. ಕಂಪ್ಯೂಟರಿನಲ್ಲಿಯೂ ಇದೇ ಕಥೆ. ಐದು ಲಕ್ಷ ಸಂಕೇತಗಳ ಒಂದು ಕಾದಂಬರಿಯ ಮೊದಲ ಪುಟದಲ್ಲಿ ಬಿಟ್ಟುಹೋದ ಒಂದು ಅಲ್ಪವಿರಾಮವನ್ನು ಸೇರಿಸಿದರೆ, ಉಳಿದ ಐದು ಲಕ್ಷ ಸಂಕೇತಗಳೂ ಒಂದೊಂದು ಮನೆ ಮುಂದೆ ಸರಿಯಬೇಕು. ಮುಂದಿನ ಕೀಲಿ ಒತ್ತಿದರೆ ಮತ್ತೆ ಐದು ಲಕ್ಷ! ಇಂದಿನ ಯಂತ್ರಗಳು ಇದನ್ನೂ ಕ್ಷಣಾರ್ಧದಲ್ಲಿ ಮಾಡಿಯಾವು. ಐವತ್ತು ವರ್ಷದ ಹಿಂದಿನ ಯಂತ್ರಗಳಿಗೆ ಅದು ಆಗದ ಮಾತು.

ಇದಕ್ಕೆ ಒಂದು ಜಾಣ ಉಪಾಯವಿದೆ. ಸಾಲನ್ನು ಒತ್ತಾಗಿ ನಿಲ್ಲಿಸದೆ, ಬರೆಯುವವನ ಕೈ ಎಲ್ಲಿದೆಯೋ ಅಲ್ಲಿ ಒಂದು ದೊಡ್ಡ ಖಾಲಿ ಜಾಗ ಬಿಡುವುದು. ಹೊಸ ಅಕ್ಷರಗಳು ಆ ಜಾಗದೊಳಕ್ಕೆ ಬಂದು ಕುಳಿತರಾಯಿತು, ಬೇರೆ ಯಾರೂ ಅಲುಗಾಡಬೇಕಿಲ್ಲ. ಬರೆಯುವವನು ಬೇರೆ ಕಡೆಗೆ ಹೋದರೆ ಮಾತ್ರ ನಡುವಿನ ಅಕ್ಷರಗಳು ಈ ಕಡೆಯಿಂದ ಆ ಕಡೆಗೆ ದಾಟಿ, ಖಾಲಿ ಜಾಗ ಅವನ ಜೊತೆಗೇ ಚಲಿಸುತ್ತದೆ. ಮನುಷ್ಯನು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಕೆಲಕಾಲ ಬರೆಯುತ್ತಾನೆ, ಒಂದೊಂದು ಅಕ್ಷರಕ್ಕೂ ಪುಟದಿಂದ ಪುಟಕ್ಕೆ ಹಾರುವುದಿಲ್ಲ. ಮನುಷ್ಯ ಸ್ವಭಾವದ ಈ ಸಣ್ಣ ಗುಟ್ಟೇ ಈ ವಿಧಾನದ ಬಂಡವಾಳ. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದ ಗ್ನೂ ಈಮ್ಯಾಕ್ಸ್ ಎಂಬ ತಂತ್ರಾಂಶ ಇಂದಿಗೂ ಇದನ್ನೇ ಅನುಸರಿಸುತ್ತಿದೆ.

ಕಿರ್ದಿ ಮತ್ತು ಖಾತೆ

ಇನ್ನೊಂದು ವಿಧಾನ ಇದಕ್ಕಿಂತ ಬೇರೆಯದು. ನಮ್ಮ ಅಂಗಡಿ ಲೆಕ್ಕ ಬಲ್ಲವರಿಗೆ ಅದು ಬೇಗ ಅರ್ಥವಾಗುತ್ತದೆ.

ಅಂಗಡಿಯಲ್ಲಿ ಎರಡು ಪುಸ್ತಕ ಇರುತ್ತವೆ. ಕಿರ್ದಿಯಲ್ಲಿ ಆಯಾ ದಿನ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಾ ಹೋಗಬೇಕು. ಹಿಂದೆ ಬರೆದದ್ದನ್ನು ಕೆರೆದು ತಿದ್ದುವಂತಿಲ್ಲ. ತಪ್ಪಾಗಿದ್ದರೆ ಅದನ್ನು ಸರಿಪಡಿಸುವ ಹೊಸ ನಮೂದನ್ನು ಕೆಳಗೆ ಬರೆಯಬೇಕು. ಖಾತೆ ಪುಸ್ತಕದಲ್ಲಿ ಯಾರ ಹೆಸರಿನಲ್ಲಿ ಎಷ್ಟು ಎಂಬ ಈಗಿನ ಸ್ಥಿತಿ, ಕಿರ್ದಿಯ ಯಾವ ಪುಟದಲ್ಲಿ ಅದರ ಮೂಲವಿದೆ ಎಂಬ ಸೂಚನೆ ಇರುತ್ತದೆ.

ಬರವಣಿಗೆಯ ತಂತ್ರಾಂಶದಲ್ಲಿಯೂ ಹೀಗೆಯೇ ಮಾಡಬಹುದು. ತೆರೆದ ಕಡತ ಹೇಗಿತ್ತೋ ಹಾಗೆಯೇ ಇರಲಿ, ಅದನ್ನು ಮುಟ್ಟುವುದೇ ಬೇಡ. ಹೊಸದಾಗಿ ಬರೆದದ್ದೆಲ್ಲ ಇನ್ನೊಂದು ಪಟ್ಟಿಯ ಕೊನೆಗೆ ಸೇರುತ್ತಾ ಹೋಗಲಿ. ಅದು ಕಿರ್ದಿ. ಇವೆರಡರ ತುಂಡುಗಳನ್ನು ಯಾವ ಕ್ರಮದಲ್ಲಿ ಓದಬೇಕು ಎಂದು ಹೇಳುವ ಒಂದು ಚಿಕ್ಕ ಕೋಷ್ಟಕ ಇರಲಿ. ಅದು ಖಾತೆ. ಇದನ್ನು ತುಂಡು ಕೋಷ್ಟಕ ಎಂದು ಕರೆಯೋಣ.

ಒಂದು ಉದಾಹರಣೆ ನೋಡೋಣ. ಸುಲಭವಾಗಲೆಂದು ಅಕ್ಷರಗಳ ಬದಲು ಪದಗಳನ್ನೇ ಎಣಿಸೋಣ. ಮೂಲದಲ್ಲಿ ಹೀಗಿದೆ: 'ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ.' ನಾಲ್ಕು ಪದ. ಆರಂಭದಲ್ಲಿ ಕೋಷ್ಟಕದಲ್ಲಿ ಒಂದೇ ಸಾಲು: 'ಮೂಲದ 1ರಿಂದ 4ನೇ ಪದದವರೆಗೆ ಓದು.'

ಈಗ 'ಸಮುದ್ರಮಟ್ಟದಲ್ಲಿ' ಎಂಬ ಪದವನ್ನು 'ನೀರು' ಆದ ಮೇಲೆ ಸೇರಿಸುತ್ತೇವೆ. ಅದು ಸೇರ್ಪಡೆ ಪಟ್ಟಿಯ 1ನೇ ಪದವಾಗುತ್ತದೆ. ಕೋಷ್ಟಕ ಮೂರು ಸಾಲಾಗುತ್ತದೆ: ಮೂಲದ 1, ಸೇರ್ಪಡೆಯ 1, ಮೂಲದ 2ರಿಂದ 4. ಮುಂದೆ, ಯಾವ ಡಿಗ್ರಿ ಎಂದು ಹೇಳದಿದ್ದರೆ ವಿಜ್ಞಾನದಲ್ಲಿ ಅರ್ಧ ಅಂಕ ಕಳೆಯುತ್ತೇವಲ್ಲ, ಆದ್ದರಿಂದ 'ಡಿಗ್ರಿಯಲ್ಲಿ' ಎಂಬುದನ್ನು ಅಳಿಸಿ 'ಡಿಗ್ರಿ ಸೆಲ್ಸಿಯಸ್‌ನಲ್ಲಿ' ಎಂದು ಬರೆಯುತ್ತೇವೆ. ಇವು ಸೇರ್ಪಡೆಯ 2 ಮತ್ತು 3ನೇ ಪದಗಳು. ಈಗ ಕೋಷ್ಟಕ: ಮೂಲದ 1, ಸೇರ್ಪಡೆಯ 1, ಮೂಲದ 2, ಸೇರ್ಪಡೆಯ 2ರಿಂದ 3, ಮೂಲದ 4. ಓದಿ ನೋಡಿ: 'ನೀರು ಸಮುದ್ರಮಟ್ಟದಲ್ಲಿ ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ.'

ಹಾಗಾದರೆ 'ಡಿಗ್ರಿಯಲ್ಲಿ' ಎಂಬ ಪದ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಮೂಲದ 3ನೇ ಸ್ಥಾನದಲ್ಲಿ ಅದು ತಣ್ಣಗೆ ಕುಳಿತಿದೆ. ಅದರ ಕಡೆಗೆ ಬೆರಳು ತೋರಿಸುವ ಸಾಲು ಕೋಷ್ಟಕದಲ್ಲಿ ಇಲ್ಲ, ಅಷ್ಟೆ. ಮೂಲದಲ್ಲಿ ಮೂರು ಪದವಿರಲಿ, ಮೂವತ್ತು ಲಕ್ಷವಿರಲಿ, ಸರಿಯಬೇಕಾದದ್ದು ಏನೂ ಇಲ್ಲ.

ಈ ವಿಧಾನದ ಹಿಂದೆ ಅಮೆರಿಕದ ಗಣಕ ವಿಜ್ಞಾನಿ ಜೆ. ಸ್ಟ್ರಾದರ್ ಮೂರ್ ಅವರ ಹೆಸರಿದೆ. ಉದ್ದನೆಯ ಬರಹದಲ್ಲಿ ಒಂದು ಪದವನ್ನು ಬೇಗ ಹುಡುಕುವ ಬಾಯರ್-ಮೂರ್ ವಿಧಾನದ ಮೂರ್ ಇವರೇ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ 1974ರಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೊನಿ ಮತ್ತು ಅವರ ಸಂಗಡಿಗರು ರೂಪಿಸಿದ 'ಬ್ರಾವೊ' ಎಂಬ ತಂತ್ರಾಂಶದಲ್ಲಿ ಇದು ಬಳಕೆಗೆ ಬಂತು. ಅದು ಓಡುತ್ತಿದ್ದ ಆಲ್ಟೊ ಯಂತ್ರದ ಸ್ಮೃತಿ ಮೊದಲಿಗೆ 128 ಕಿಲೊಬೈಟ್. ಇಂದಿನ ಮೊಬೈಲಿನ ಒಂದು ಸಾಧಾರಣ ಛಾಯಾಚಿತ್ರವೂ ಅದರಲ್ಲಿ ಹಿಡಿಯುವುದಿಲ್ಲ. ಬರಹ ಪೂರ್ತಿ ಡಿಸ್ಕಿನಲ್ಲೇ ಇದ್ದು, ಚಿಕ್ಕ ಕೋಷ್ಟಕ ಮಾತ್ರ ಸ್ಮೃತಿಯಲ್ಲಿದ್ದರೆ ಸಾಕೆಂಬುದು ಅಂಥ ಬಡ ಯಂತ್ರಕ್ಕೆ ವರವಾಯಿತು.

ಬುಡಾಪೆಸ್ಟಿನಲ್ಲಿ ಹುಟ್ಟಿದ ಸಿಮೊನಿ 1981ರಲ್ಲಿ ಮೈಕ್ರೊಸಾಫ್ಟ್ ಸೇರಿದರು. 1983ರಲ್ಲಿ ಬಂದ ವರ್ಡ್ ತಂತ್ರಾಂಶ ಅವರ ಮುಂದಾಳುತನದಲ್ಲಿ ಬೆಳೆದದ್ದು, ಅದರೊಳಗೂ ಇದೇ ತುಂಡು ಕೋಷ್ಟಕ. ಮುಂದೆ ಅವರು 2007 ಮತ್ತು 2009ರಲ್ಲಿ ಸ್ವಂತ ಖರ್ಚಿನಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂದರು, ಆ ಮಾತು ಬೇರೆ.

ಇದು ಹಳೆಯ ಕಾಲದ ಉಪಾಯವೆಂದು ತಳ್ಳಿಹಾಕುವಂತಿಲ್ಲ. ಪ್ರೋಗ್ರಾಮ್ ಬರೆಯುವವರು ಇಂದು ಹೆಚ್ಚಾಗಿ ಬಳಸುವ ವಿಎಸ್ ಕೋಡ್ ತಂತ್ರಾಂಶ ಮೊದಲು ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಇಡುತ್ತಿತ್ತು. ಯಾರೋ ಒಬ್ಬರು 35 ಮೆಗಾಬೈಟಿನ ಕಡತವನ್ನು ತೆರೆಯಲು ಹೋದರು. ಅದರಲ್ಲಿ 1 ಕೋಟಿ 37 ಲಕ್ಷ ಚಿಕ್ಕ ಚಿಕ್ಕ ಸಾಲುಗಳು! ಒಂದೊಂದು ಸಾಲಿಗೂ ಒಂದೊಂದು ಚೀಟಿ ಅಂಟಿಸುವುದರಲ್ಲೇ 600 ಮೆಗಾಬೈಟ್ ಸ್ಮೃತಿ ಖರ್ಚಾಗಿ ಕಡತ ತೆರೆಯಲೇ ಇಲ್ಲ. 2018ರಲ್ಲಿ ಅವರು ತುಂಡು ಕೋಷ್ಟಕಕ್ಕೆ ಬದಲಾಯಿಸಿದರು. ತುಂಡುಗಳು ಸಾವಿರಗಟ್ಟಲೆ ಆದಾಗ ಬೇಕಾದದ್ದನ್ನು ಬೇಗ ಹುಡುಕಲು ಕೋಷ್ಟಕವನ್ನು ಉದ್ದ ಪಟ್ಟಿಯಾಗಿ ಇಡದೆ, ಮರದ ಕೊಂಬೆಗಳಂತೆ ಕವಲೊಡೆಯಿಸಿದರು. ನಿಘಂಟಿನಲ್ಲಿ ಪದ ಹುಡುಕುವಾಗ ನಡುಪುಟ ತೆರೆದು, ಬಲಕ್ಕೋ ಎಡಕ್ಕೋ ಎಂದು ಅರ್ಧರ್ಧ ಬಿಡುತ್ತಾ ಹೋಗುತ್ತೇವಲ್ಲ, ಹಾಗೆ.

ಹಿಂದಕ್ಕೆ ಒಂದು ಹೆಜ್ಜೆ

ಬ್ರಾವೊದ ಕಾಲದ ಒಂದು ಕಥೆಯನ್ನು ಗಣಕ ಲೋಕದವರು ಈಗಲೂ ಹೇಳುತ್ತಾರೆ. ಅದರಲ್ಲಿ ಬರೆಯುವ ಸ್ಥಿತಿ, ಆಜ್ಞೆಯ ಸ್ಥಿತಿ ಎಂದು ಎರಡಿದ್ದವು. ಆಜ್ಞೆಯ ಸ್ಥಿತಿಯಲ್ಲಿ ಇದ್ದೇವೆಂಬುದನ್ನು ಮರೆತು ಯಾರಾದರೂ 'ಎಡಿಟ್' ಎಂದು ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿದರೆ, ಯಂತ್ರ ಹೀಗೆ ತಿಳಿಯುತ್ತಿತ್ತು: 'ಇ' ಎಂದರೆ ಇಡೀ ಬರಹವನ್ನು ಆರಿಸು, 'ಡಿ' ಎಂದರೆ ಅಳಿಸು, 'ಐ' ಎಂದರೆ ಸೇರಿಸು, ಸೇರಿಸಬೇಕಾದ ಅಕ್ಷರ 'ಟಿ'. ಎಷ್ಟೋ ದಿನದ ಬರಹವಿದ್ದ ಜಾಗದಲ್ಲಿ ಒಂಟಿ 'ಟಿ' ನಿಂತಿರುತ್ತಿತ್ತು! ಇಂಥ ಎರಡು ಸ್ಥಿತಿಗಳ ಕಾಟವೇ ಬೇಡವೆಂದು ಜೀವನವಿಡೀ ವಾದಿಸಿದವರು ಅದೇ ಸಂಶೋಧನಾಲಯದ ಲ್ಯಾರಿ ಟೆಸ್ಲರ್. ಕತ್ತರಿಸು, ನಕಲಿಸು, ಅಂಟಿಸು ಎಂಬ ಮೂರು ಆಜ್ಞೆಗಳನ್ನು ನಾವು ಇಂದು ಬಳಸುವ ರೂಪಕ್ಕೆ ತಂದವರಲ್ಲಿ ಅವರು ಪ್ರಮುಖರು. 2020ರಲ್ಲಿ ತೀರಿಕೊಂಡರು.

ತಪ್ಪು ಮಾಡುವುದು ಮನುಷ್ಯ ಸಹಜ, ಆದ್ದರಿಂದ ಹಿಂದಕ್ಕೆ ಬರುವ ದಾರಿ ಬೇಕು. ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಆಗುವುದು ಇದೇ. ತುಂಡು ಕೋಷ್ಟಕ ಇದ್ದಲ್ಲಿ ಇದು ಬಲು ಸುಲಭ. ಅಕ್ಷರಗಳು ಎಲ್ಲಿಯೂ ಹೋಗಿಲ್ಲವಾದ್ದರಿಂದ, ಹಿಂದಿನ ಕೋಷ್ಟಕವನ್ನು ತಂದಿಟ್ಟರೆ ಹಿಂದಿನ ಬರಹ ಬಂದಂತೆಯೇ.

ಯಾವ ವಿಧಾನವಾದರೂ ತಂತ್ರಾಂಶ ಮಾಡಿದ ಬದಲಾವಣೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಮದುವೆ ಮನೆಯಲ್ಲಿ ತೊಳೆದ ತಟ್ಟೆಗಳನ್ನು ಪೇರಿಸಿದಂತೆ, ಕೊನೆಯಲ್ಲಿ ಇಟ್ಟದ್ದು ಮೊದಲು ಕೈಗೆ ಸಿಗುತ್ತದೆ. ಹಿಂದೆ ಹೋದಂತೆಲ್ಲ ಮೇಲಿನ ತಟ್ಟೆ ತೆಗೆದು ಪಕ್ಕದ ಇನ್ನೊಂದು ರಾಶಿಗೆ ಇಡುತ್ತದೆ, ಮತ್ತೆ ಮುಂದೆ ಬರಬೇಕೆಂದರೆ ಅಲ್ಲಿಂದ ತೆಗೆಯುತ್ತದೆ. ಆದರೆ ಹಿಂದೆ ಹೋಗಿ ಅಲ್ಲಿ ಹೊಸದೇನನ್ನಾದರೂ ಬರೆದಿರೋ, ಪಕ್ಕದ ರಾಶಿಯನ್ನು ಬಹುತೇಕ ತಂತ್ರಾಂಶಗಳು ಚೆಲ್ಲಿಬಿಡುತ್ತವೆ. ಈಮ್ಯಾಕ್ಸ್ ಮಾತ್ರ ಹಿಂದೆ ಹೋದದ್ದನ್ನೂ ಒಂದು ಹೊಸ ಬದಲಾವಣೆ ಎಂದೇ ಬರೆದಿಡುತ್ತದೆ.

ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು. ಈ ತಟ್ಟೆಗಳ ರಾಶಿ ಸಾಮಾನ್ಯವಾಗಿ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ಕಡತವನ್ನು ಮುಚ್ಚಿದರೆ ಅದು ಹೋಗುತ್ತದೆ. ಬದಲಾವಣೆಗಳನ್ನು ಕಡತದೊಳಗೇ ಬರೆದಿಡುವ ವ್ಯವಸ್ಥೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಪೇಚಾಟ ಆರಂಭವಾಗುವುದು.

ಅಳಿಸಿದ್ದು ಆಚೆ ಬಂದಾಗ

ವರ್ಡ್ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ 'ಫಾಸ್ಟ್ ಸೇವ್' ಎಂಬ ಸೌಲಭ್ಯವಿತ್ತು. ಇಡೀ ಕಡತವನ್ನು ಮತ್ತೆ ಬರೆಯಲು ಹೊತ್ತು ಹಿಡಿಯುತ್ತದೆಂದು, ಹೊಸ ಬದಲಾವಣೆಗಳನ್ನು ಮಾತ್ರ ಕಡತದ ಕೊನೆಗೆ ಅಂಟಿಸುತ್ತಿತ್ತು. ಅಂದರೆ ಕಿರ್ದಿಯೂ ಖಾತೆಯೂ ಎರಡೂ ಡಿಸ್ಕಿಗೆ ಹೋಗುತ್ತಿದ್ದವು. ಅಳಿಸಿದ ಮಾತುಗಳು ಪರದೆಯ ಮೇಲೆ ಇಲ್ಲದಿದ್ದರೂ ಕಡತದಲ್ಲಿ ಇರುತ್ತಿದ್ದವು. ಬೇರೆ ಸಾದಾ ತಂತ್ರಾಂಶದಲ್ಲಿ ತೆರೆದರೆ ಎಲ್ಲವನ್ನೂ ಓದಬಹುದಿತ್ತು. ಮುಂದೆ ಆ ಸೌಲಭ್ಯವನ್ನು ಕೈಬಿಟ್ಟರು.

ಬದಲಾವಣೆಯ ಗುರುತನ್ನು ಬೇಕೆಂದೇ ಉಳಿಸಿಕೊಳ್ಳುವ 'ಟ್ರ್ಯಾಕ್ ಚೇಂಜಸ್' ಸೌಲಭ್ಯ ಮಾತ್ರ ಇಂದಿಗೂ ಇದೆ, ಬಹಳ ಉಪಯುಕ್ತವೂ ಹೌದು. ಸೇರಿಸಿದ್ದರ ಕೆಳಗೆ ಗೆರೆ, ತೆಗೆದದ್ದರ ಮೇಲೆ ಗೆರೆ, ಯಾರು ಯಾವಾಗ ಮಾಡಿದರು ಎಂಬ ವಿವರ. ಕರಡಚ್ಚು ತಿದ್ದುವವರ ಕೆಂಪು ಶಾಯಿಯೇ ಇದು. ತೊಂದರೆ ಏನೆಂದರೆ, ಈ ಗುರುತುಗಳನ್ನು ಪರದೆಯಿಂದ ಮರೆಮಾಡಬಹುದು. ಮರೆಮಾಡುವುದು ಬೇರೆ, ತೆಗೆದುಹಾಕುವುದು ಬೇರೆ.

ನಮ್ಮ ಕಡೆಯ ಒಂದು ಸಂಘದವರು ವಾರ್ಷಿಕೋತ್ಸವಕ್ಕೆ ಸಭಾಂಗಣ ಬೇಕೆಂದು ಅದರ ಮಾಲೀಕರಿಗೆ ಪತ್ರ ಬರೆದು ಇ-ಮೇಲಿನಲ್ಲಿ ಕಳಿಸಿದರು. ಮೊದಲು 'ಹತ್ತು ಸಾವಿರದವರೆಗೂ ಕೊಡಬಹುದು' ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು ಅದನ್ನು ಅಳಿಸಿ 'ಏಳು ಸಾವಿರಕ್ಕೆ ಕೊಡಬೇಕಾಗಿ ವಿನಂತಿ' ಎಂದು ತಿದ್ದಿದ್ದರು. ಸಂಘದವರ ಪರದೆಯ ಮೇಲೆ ಏಳು ಸಾವಿರ ಮಾತ್ರ ಕಾಣುತ್ತಿತ್ತು. ಮಾಲೀಕರ ಪರದೆಯ ಮೇಲೆ ಎರಡೂ ಕಂಡವು, ಗೆರೆ ಹೊಡೆದ ಹತ್ತು ಸಾವಿರ ಕೆಂಪು ಬಣ್ಣದಲ್ಲಿ. ಬಾಡಿಗೆ ಎಷ್ಟಕ್ಕೆ ಗೊತ್ತಾಯಿತೆಂದು ಬೇರೆ ಹೇಳಬೇಕಿಲ್ಲವಷ್ಟೆ!

ಇದು ನಗುವ ಸಂಗತಿ. ಎಲ್ಲವೂ ಹೀಗಿರುವುದಿಲ್ಲ. 2003ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರ ಇರಾಕ್ ಕುರಿತು ಒಂದು ದಾಖಲೆಯನ್ನು ಹೊರಡಿಸಿತು. ಯುದ್ಧಕ್ಕೆ ಜನರನ್ನು ಒಪ್ಪಿಸುವ ಕಾಲ ಅದು. ಬೇಹುಗಾರಿಕೆಯ ಮೂಲಗಳಿಂದ ಬಂದದ್ದೆಂದು ಹೇಳಿದ ಆ ದಾಖಲೆಯ ದೊಡ್ಡ ಭಾಗ ಒಬ್ಬ ಸಂಶೋಧಕರ ಪ್ರಕಟಿತ ಲೇಖನದ ನಕಲೆಂದು ಕೇಂಬ್ರಿಜಿನ ಉಪನ್ಯಾಸಕರೊಬ್ಬರು ತೋರಿಸಿಕೊಟ್ಟರು. ಅದೂ ಸಾಲದೆಂಬಂತೆ, ಅದನ್ನು ವರ್ಡ್ ಕಡತವಾಗಿಯೇ ಹೊರಬಿಟ್ಟಿದ್ದರು. ಆ ಕಡತದ ಹೊಟ್ಟೆಯಲ್ಲಿ ಕೊನೆಯ ಹತ್ತು ಬಾರಿ ಅದನ್ನು ಯಾವ ಯಾವ ಹೆಸರಿನವರು ಉಳಿಸಿದರು ಎಂಬ ಪಟ್ಟಿ ಹಾಗೆಯೇ ಇತ್ತು. ದಾಖಲೆ ಯಾರ ಯಾರ ಕೈಯಲ್ಲಿ ಹಾದುಬಂದಿತ್ತೆಂಬುದು ಜಗತ್ತಿಗೇ ಗೊತ್ತಾಯಿತು.

ಆದ್ದರಿಂದ ಪತ್ರವನ್ನು ಹೊರಗೆ ಕಳಿಸುವ ಮುನ್ನ ಕೆಲವು ಎಚ್ಚರಿಕೆಗಳು ಅಗತ್ಯ. ವರ್ಡ್‌ನಲ್ಲಿ 'ರಿವ್ಯೂ' ಎಂಬಲ್ಲಿಗೆ ಹೋಗಿ ಎಲ್ಲ ಬದಲಾವಣೆಗಳನ್ನು ಒಪ್ಪಿಕೊಂಡು, ಟಿಪ್ಪಣಿಗಳನ್ನು ತೆಗೆದು, ಗುರುತಿಸುವುದನ್ನು ನಿಲ್ಲಿಸಬೇಕು. 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಎಂಬ ಆಜ್ಞೆ ಒಳಗೆ ಅಡಗಿರುವುದನ್ನು ಹುಡುಕಿ ಹೇಳುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಯಾರಿಗೆ ತಿದ್ದುವ ಅಧಿಕಾರ ಕೊಡುತ್ತೀರೋ ಅವರು ಹಿಂದಿನ ಆವೃತ್ತಿಗಳನ್ನೂ ನೋಡಬಲ್ಲರು, ಓದಲು ಮಾತ್ರ ಕೊಟ್ಟರೆ ನೋಡಲಾರರು. ಪಿಡಿಎಫ್‌ನಲ್ಲಿ ಗುಟ್ಟಿನ ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. ಪಟ್ಟಿಯ ಕೆಳಗಿನ ಅಕ್ಷರ ಅಲ್ಲೇ ಇರುತ್ತದೆ, ಆರಿಸಿ ನಕಲಿಸಿದರೆ ಹೊರಗೆ ಬರುತ್ತದೆ.

ಎರಡು ಪ್ರತಿ, ಒಂದು ವ್ಯತ್ಯಾಸ

ಗುರುತುಗಳನ್ನು ಮೊದಲಿನಿಂದ ಇಟ್ಟುಕೊಳ್ಳದೆ, ಹಳೆಯ ಪ್ರತಿ ಮತ್ತು ಹೊಸ ಪ್ರತಿ ಎರಡೇ ಕೈಯಲ್ಲಿದ್ದರೆ? ಏನು ಬದಲಾಯಿತೆಂದು ಯಂತ್ರ ಕಂಡುಹಿಡಿಯಬಲ್ಲುದೆ?

ಸುಲಭವೆನಿಸುತ್ತದೆ. ಒಂದನೇ ಸಾಲಿಗೆ ಒಂದನೇ ಸಾಲು, ಎರಡಕ್ಕೆ ಎರಡು ಎಂದು ಹೋಲಿಸಿದರಾಯಿತಲ್ಲ? ಒಂದು ದಿನಸಿ ಪಟ್ಟಿ ನೋಡಿ: ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ. ಹೊಸ ಪಟ್ಟಿ: ಉಪ್ಪು, ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ. ಸಾಲಿಗೆ ಸಾಲು ಹೋಲಿಸಿದರೆ ಒಂದೂ ಹೊಂದುವುದಿಲ್ಲ! ಎಲ್ಲವೂ ಬದಲಾಗಿದೆ ಎಂದು ಯಂತ್ರ ಹೇಳೀತು. ವಾಸ್ತವದಲ್ಲಿ ಬದಲಾದದ್ದು ಉಪ್ಪು ಒಂದೇ. ಆದ್ದರಿಂದ ಎರಡರಲ್ಲಿಯೂ ಅದೇ ಕ್ರಮದಲ್ಲಿ ಬರುವ ಅತ್ಯಂತ ಉದ್ದದ ಸಮಾನ ಸರಣಿಯನ್ನು ಮೊದಲು ಹುಡುಕಬೇಕು. ಹಳೆಯದರಲ್ಲಿ ಅದರಿಂದ ಹೊರಗುಳಿದದ್ದು ಅಳಿಸಿದ್ದು, ಹೊಸದರಲ್ಲಿ ಹೊರಗುಳಿದದ್ದು ಸೇರಿಸಿದ್ದು. ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ 1970ರ ದಶಕದಲ್ಲಿ ಇದಕ್ಕಾಗಿ 'ಡಿಫ್' ಎಂಬ ಪ್ರೋಗ್ರಾಮ್ ರೂಪಿಸಿದರು. ಅದರ ಗಣಿತವನ್ನು ಜೇಮ್ಸ್ ಹಂಟ್ ಅವರ ಜೊತೆಗೂಡಿ 1976ರಲ್ಲಿ ಪ್ರಕಟಿಸಿದರು. ವಿಕಿಪೀಡಿಯದಲ್ಲಿ ಯಾವುದೇ ಲೇಖನದ ಇತಿಹಾಸ ತೆರೆದರೆ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದರ ಹಿಂದೆ ಇದೇ ಆಲೋಚನೆಯಿದೆ.

ಕನ್ನಡದಲ್ಲಿ ಇಲ್ಲೊಂದು ತೊಡಕು. 'ಕೊ' ಎಂಬ ಅಕ್ಷರವನ್ನು ಕಕಾರ ಮತ್ತು ಒತ್ವ ಎಂದು ಎರಡು ಸಂಕೇತದಲ್ಲಿ ಇಡಬಹುದು. ಕಕಾರ, ಎತ್ವ, ಊಕಾರದ ಕೊಂಬು ಎಂದು ಮೂರರಲ್ಲಿಯೂ ಇಡಬಹುದು. ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣಬೇಕೆಂಬುದು ಯೂನಿಕೋಡ್ ನಿಯಮ. ಸಂಕೇತಗಳನ್ನು ನೇರವಾಗಿ ಹೋಲಿಸುವ ಯಂತ್ರ ಮಾತ್ರ 'ಬದಲಾಗಿದೆ' ಎಂದು ಹೇಳಿಬಿಡುತ್ತದೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ವ್ಯತ್ಯಾಸ ಕಂಡುಹಿಡಿಯಲು ಬಂದರೆ, ಪ್ರತಿ ಆವೃತ್ತಿಯನ್ನೂ ಪೂರ್ತಿ ಇಡಬೇಕಿಲ್ಲ. 1972ರಲ್ಲಿ ಅದೇ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ ಪ್ರೋಗ್ರಾಮುಗಳ ಎಲ್ಲ ಆವೃತ್ತಿಗಳನ್ನೂ ಕಾಪಾಡುವ ವ್ಯವಸ್ಥೆಯೊಂದನ್ನು ಆರಂಭಿಸಿದ್ದರು. 1980ರ ದಶಕದಲ್ಲಿ ಬಂದ ವಾಲ್ಟರ್ ಟಿಖಿ ಅವರ ವ್ಯವಸ್ಥೆ ಇನ್ನೊಂದು ಜಾಣತನ ಮಾಡಿತು. ಜನ ಹೆಚ್ಚಾಗಿ ಕೇಳುವುದು ಹೊಸ ಪ್ರತಿಯನ್ನು. ಆದ್ದರಿಂದ ಹೊಸದನ್ನು ಪೂರ್ತಿ ಇಟ್ಟು, ಅದರಿಂದ ಹಳೆಯದಕ್ಕೆ ಹೋಗುವ ಹಿಮ್ಮುಖ ವ್ಯತ್ಯಾಸಗಳನ್ನು ಮಾತ್ರ ಇಟ್ಟಿತು. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಬರೆದ 'ಗಿಟ್' ಇಂದು ಪ್ರೋಗ್ರಾಮರುಗಳ ಸಾಮಾನ್ಯ ಕಿರ್ದಿಯಾಗಿದೆ. ಅದರಲ್ಲಿ ಪ್ರತಿ ಆವೃತ್ತಿಗೂ ಅದರ ಒಳಗಿರುವುದರಿಂದಲೇ, ಹಿಂದಿನ ಆವೃತ್ತಿಯ ಗುರುತನ್ನೂ ಸೇರಿಸಿಕೊಂಡು, ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ ಇರುತ್ತದೆ. ಹಳೆಯ ಪುಟದಲ್ಲಿ ಒಂದು ಅಕ್ಷರ ಗುಟ್ಟಾಗಿ ಬದಲಿಸಿದರೂ ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳೂ ತಪ್ಪಿಹೋಗಿ ಕಳ್ಳತನ ಬಯಲಾಗುತ್ತದೆ.

ಇಬ್ಬರು ಒಂದೇ ಹೊತ್ತಿಗೆ ಒಂದೇ ಬರಹವನ್ನು ತಿದ್ದಿದರೆ ಇನ್ನೊಂದು ಸಮಸ್ಯೆ. ನಾನು ಆರಂಭದಲ್ಲಿ ಐದು ಅಕ್ಷರ ಸೇರಿಸಿದೆ. ಅದೇ ಕ್ಷಣ ನೀವು ನಿಮ್ಮ ಊರಿನಲ್ಲಿ ಕುಳಿತು 'ಇಪ್ಪತ್ತನೆಯ ಅಕ್ಷರ ಅಳಿಸು' ಎಂದಿರಿ. ನಿಮ್ಮ ಆಜ್ಞೆ ನನ್ನ ಯಂತ್ರಕ್ಕೆ ಬರುವಷ್ಟರಲ್ಲಿ ಆ ಅಕ್ಷರ ಇಪ್ಪತ್ತೈದನೆಯದಾಗಿದೆ. ಆಜ್ಞೆಯನ್ನು ತಕ್ಕಂತೆ ಬದಲಿಸಿಕೊಳ್ಳದಿದ್ದರೆ ತಪ್ಪು ಅಕ್ಷರದ ತಲೆ ಹೋಗುತ್ತದೆ. ಇದಕ್ಕೆ ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು 1989ರಲ್ಲಿಯೇ ದಾರಿ ತೋರಿಸಿದರು. ಗೂಗಲ್ ಡಾಕ್ಸ್ ಇಂದು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಅಳಿಸಬಾರದ್ದು, ಅಳಿಸಬೇಕಾದ್ದು

ಇಷ್ಟೆಲ್ಲ ತಿಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಅಳಿಸಿದ್ದು ಉಳಿಯುವುದು ಒಳ್ಳೆಯದೋ ಕೆಟ್ಟದ್ದೋ?

ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ತಿದ್ದಿದ ದಾಖಲೆಯ ನೋವು ಗೊತ್ತು. ಜಮೀನಿನ ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಒಂದು ಮನೆತನ ಬೀದಿಗೆ ಬರಬಹುದು. ಅದಕ್ಕೆಂದೇ ಪಹಣಿಯ ಹಿಂದೆ ಮ್ಯುಟೇಶನ್ ರಿಜಿಸ್ಟರ್ ಇದೆ. ಹಕ್ಕು ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಬದಲಾಯಿತೆಂಬುದು ಅಲ್ಲಿ ಇರಬೇಕು. ಪಹಣಿ ಖಾತೆಯಾದರೆ ಅದು ಕಿರ್ದಿ. ಕಂಪನಿಗಳ ಲೆಕ್ಕಕ್ಕೂ ನಮ್ಮ ಕಾನೂನು ಈಗ ಇದನ್ನೇ ಹೇಳುತ್ತದೆ. 2023ರ ಏಪ್ರಿಲ್ 1ರಿಂದ, ಲೆಕ್ಕ ಬರೆಯಲು ಕಂಪನಿಗಳು ಬಳಸುವ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ಸೌಲಭ್ಯವನ್ನು ಯಾರೂ ನಿಲ್ಲಿಸುವಂತಿರಬಾರದು. ಅಜ್ಜಂದಿರ ಕಾಲದ ಶೆಟ್ಟರ ನಿಯಮವೇ ಗಣಕದ ಕಾಲಕ್ಕೂ ಬಂತು!

ಅದೇ ಹೊತ್ತಿಗೆ, ಮನುಷ್ಯನಿಗೆ ಅಳಿಸುವ ಹಕ್ಕೂ ಇರಬೇಕು. ಕೋಪದಲ್ಲಿ ಗೆಳೆಯನಿಗೆ ಬರೆದ ಒಂದು ಕಟು ಮಾತನ್ನು ಕಳಿಸುವ ಮೊದಲೇ ಅಳಿಸಿದವನು ವಿವೇಕಿ. ಆ ಮಾತು ಕಡತದ ಹೊಟ್ಟೆಯಲ್ಲಿ ಕುಳಿತು ಗೆಳೆಯನನ್ನು ತಲುಪಿದರೆ ಆ ವಿವೇಕಕ್ಕೆ ಬೆಲೆಯೇನು? ಅಧಿಕಾರದಿಂದ ಬರೆದದ್ದು, ಬೇರೆಯವರ ಹಕ್ಕಿಗೆ ಸಂಬಂಧಿಸಿದ್ದು ಅಳಿಯಬಾರದು. ಸ್ವಂತದ ಕರಡು ಅವನ ಸ್ವಂತದ್ದಾಗಿಯೇ ಉಳಿಯಬೇಕು. ತಂತ್ರಾಂಶಕ್ಕೆ ಈ ಭೇದ ಗೊತ್ತಾಗುವುದಿಲ್ಲ. ಅದಕ್ಕೆ ಎರಡೂ ಬೈಟುಗಳೇ. ಭೇದ ಮಾಡಬೇಕಾದವರು ನಾವು, ಮಾಡಬೇಕಾದರೆ ಒಳಗೆ ಏನಿದೆ ಎಂಬುದು ನಮಗೆ ತಿಳಿದಿರಬೇಕು.

ಮಾಡಿ ನೋಡಿ

ಇದನ್ನು ಮಕ್ಕಳಿಗೆ ಕಂಪ್ಯೂಟರ್ ಇಲ್ಲದೆಯೇ ಕಲಿಸಬಹುದು. ಒಂದು ರಟ್ಟಿನ ಮೇಲೆ ಹತ್ತು ಪದಗಳ ಒಂದು ವಾಕ್ಯವನ್ನು ನೀಲಿ ಶಾಯಿಯಲ್ಲಿ ಬರೆದು ಪದಗಳಿಗೆ ಸಂಖ್ಯೆ ಹಾಕಿ. ಆ ರಟ್ಟನ್ನು ಇನ್ನು ಯಾರೂ ಮುಟ್ಟಬಾರದು. ಇನ್ನೊಂದು ರಟ್ಟು ಸೇರ್ಪಡೆಗೆ, ಅಲ್ಲಿ ಹಸಿರು ಶಾಯಿ, ಪ್ರತಿ ಹೊಸ ಪದವೂ ಕೊನೆಗೆ. ಕೋಷ್ಟಕಕ್ಕೆ ಚಿಕ್ಕ ಚೀಟಿಗಳು. ಪ್ರತಿ ಬದಲಾವಣೆಗೂ ಹೊಸ ಚೀಟಿ ಬರೆದು, ಹಳೆಯದನ್ನು ಎಸೆಯದೆ ಅದರ ಮೇಲೆಯೇ ಇಡುತ್ತಾ ಹೋಗಲಿ. ಒಬ್ಬ ವಿದ್ಯಾರ್ಥಿ ಬದಲಾವಣೆ ಹೇಳಲಿ, ಇನ್ನೊಬ್ಬ ಚೀಟಿ ಬರೆಯಲಿ, ಮೂರನೆಯವನು ಮೇಲಿನ ಚೀಟಿ ನೋಡಿ ವಾಕ್ಯ ಓದಲಿ.

ಐದಾರು ಬದಲಾವಣೆ ಆದ ಮೇಲೆ ಮೇಲಿನ ಚೀಟಿಗಳನ್ನು ಒಂದೊಂದಾಗಿ ತೆಗೆಯಿಸಿ ಓದಿಸಿ. ವಾಕ್ಯ ಹಿಂದೆ ಹಿಂದೆ ನಡೆದು ಮೊದಲಿನ ರೂಪಕ್ಕೆ ಬಂದು ನಿಲ್ಲುವಾಗ ಮಕ್ಕಳ ಮುಖ ನೋಡಬೇಕು. ಆಮೇಲೆ ಕೇಳಿ: ನಾವು ಅಳಿಸಿದ ಪದಗಳೆಲ್ಲ ಈಗ ಎಲ್ಲಿವೆ? ಯಾರಾದರೊಬ್ಬರು ಎದ್ದು ಬಂದು ರಟ್ಟಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.